ಬಿಸಿಲಿನ ಬೆಳೆಗೆ ಬೆಲೆ ಕಟ್ಟುವವರು ಯಾರು?

ಕಲ್ಲಿದ್ದಲಿನ ಕಾಲ ಮುಗಿಯುತ್ತ ಬಂತು, ಇನ್ನು ಸೂರ್ಯ ಮತ್ತು ಗಾಳಿಯ ಕಾಲ ಎಂದು ದಿಲ್ಲಿಯವರು ಹೇಳುತ್ತಿದ್ದಾರೆ. 2025ರ ಜೂನ್ ಕೊನೆಗೆ ದೇಶದ ಒಟ್ಟು ವಿದ್ಯುತ್ ಸ್ಥಾವರಗಳ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ, ಎಣ್ಣೆ ಸುಡದ ಮೂಲಗಳದ್ದಾಯಿತು ಎಂದು ಕೇಂದ್ರ ಸರ್ಕಾರ ಡಂಗುರ ಸಾರಿತು. ಸುಳ್ಳೇನಲ್ಲ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಪಹಣಿಯಲ್ಲಿ ಹತ್ತು ಎಕರೆ ಇದ್ದ ಮಾತ್ರಕ್ಕೆ ಕಣದಲ್ಲಿ ನೂರು ಚೀಲ ಬಿದ್ದಂತಲ್ಲ. ತಂತಿಯಲ್ಲಿ ನಿಜವಾಗಿ ಹರಿಯುವ ಕರೆಂಟಿನಲ್ಲಿ ನೂರಕ್ಕೆ ಎಪ್ಪತ್ತರ ಆಸುಪಾಸು ಇನ್ನೂ ಕಲ್ಲಿದ್ದಲಿನದೇ. 2024-25ರಲ್ಲಿ ದೇಶ ಮೊದಲ ಸಲ ವರ್ಷಕ್ಕೆ 100 ಕೋಟಿ ಟನ್ನಿಗಿಂತ ಹೆಚ್ಚು ಕಲ್ಲಿದ್ದಲು ಅಗೆಯಿತು. ಅಂದರೆ ಒಂದು ಕೈಯಲ್ಲಿ ಇದ್ದಲು ಅಗೆಯುವುದು, ಇನ್ನೊಂದು ಕೈಯಲ್ಲಿ ಸೂರ್ಯನಿಗೆ ನಮಸ್ಕಾರ ಮಾಡುವುದು, ಎರಡೂ ಜೊತೆಯಲ್ಲೇ ನಡೆದಿದೆ.

ಪೇಟೆಯ ಪತ್ರಿಕೆಗಳಲ್ಲಿ ನಡೆಯುವ ಚರ್ಚೆ ಏನೆಂದರೆ, ಯಾವ ಇಂಧನ ಶುದ್ಧ, ಯಾವುದು ಅಗ್ಗ, ಯಾವ ದೇಶ ಮುಂದೆ, ಯಾವ ದೇಶ ಹಿಂದೆ. ಆ ಚರ್ಚೆ ಬೇಡ ಅಂತ ಅಲ್ಲ. ಮಳೆ ತಪ್ಪಿದರೆ ಮೊದಲು ಸಾಯುವವನು ರೈತನೇ ಆದ್ದರಿಂದ ಹವಾಮಾನ ಕೆಡುವ ವಿಚಾರ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಕಲ್ಲಿದ್ದಲು ನೆಲದ ಒಳಗೆ ಸಿಗುತ್ತದೆ, ಬಿಸಿಲು ನೆಲದ ಮೇಲೆ ಬೀಳುತ್ತದೆ. ಆ ನೆಲ ನಮ್ಮದು. ಬಿಸಿಲು ಇವತ್ತು ಮಾರಾಟದ ಬೆಳೆಯಾಗಿದೆ. ಬೆಳೆ ಅಂದ ಮೇಲೆ ನಾವು ಕೇಳುತ್ತ ಬಂದ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು: ಬೆಲೆ ಕಟ್ಟುವವರು ಯಾರು? ಲಾಭ ಯಾರ ಚೀಲಕ್ಕೆ?

ಈ ರಾಜ್ಯದಲ್ಲಿ ಕರೆಂಟಿನ ಚರಿತ್ರೆ ಹೇಗೆ ಶುರುವಾಯಿತು ನೋಡಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ಹುಟ್ಟಿತು. ಅದು ಮೊದಲು ಹೋದದ್ದು ಮಳವಳ್ಳಿಯ ಗದ್ದೆಗಲ್ಲ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಗಣಿ ಇಂಗ್ಲಿಷ್ ಕಂಪನಿಯದ್ದು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಹಳ್ಳಿಗೆ ಯಾವಾಗ ಬಂತು ಅನ್ನೋದನ್ನು ನಿಮ್ಮ ಮನೆಯ ಹಿರಿಯರನ್ನೇ ಕೇಳಿ. ಆಮೇಲೆ ಶರಾವತಿ. ಮುಳುಗಡೆಯಾದವರ ನೀರಿನಿಂದ ನಾಡೆಲ್ಲ ಬೆಳಗಿತು, ಅವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಕಚೇರಿ ಸುತ್ತಿದರು. ಆಮೇಲೆ ಕೂಡಗಿ. ಅಲ್ಲಿನ ಕಲ್ಲಿದ್ದಲು ಸ್ಥಾವರ ವಿರೋಧಿಸಿದ ರೈತರ ಮೇಲೆ 2014ರ ಜುಲೈನಲ್ಲಿ ಪೊಲೀಸರು ಗುಂಡು ಹಾರಿಸಿದರು. ನೀರಾಗಲಿ ಇದ್ದಲಾಗಲಿ, ಜಮೀನು ನಮ್ಮದು, ಕರೆಂಟು ಅವರದು ಎಂಬ ಕ್ರಮ ತಪ್ಪಲಿಲ್ಲ. ಈಗ ಸೂರ್ಯನ ಸರದಿ. ಇಂಧನ ಬದಲಾಗುತ್ತಿದೆ, ಕ್ರಮವೂ ಬದಲಾಗುತ್ತದೆಯೇ?

ಬದಲಾಗಲು ಸಾಧ್ಯ ಅಂತ ತೋರಿಸಿದ ದೇಶ ಒಂದಿದೆ. ಡೆನ್ಮಾರ್ಕ್. ಎಮ್ಮೆ ಹಸು ಹಂದಿ ಸಾಕಿ, ಸಹಕಾರಿ ಡೇರಿ ಕಟ್ಟಿ ಬದುಕಿದ ಸಣ್ಣ ದೇಶ (ಎಮ್ಮೆ ನಮ್ಮ ಬಾಯಿಗೆ ಬಂದ ಮಾತು, ಅಲ್ಲಿ ಹಸು, ಹಂದಿಯೇ ಜಾಸ್ತಿ). 1973ರಲ್ಲಿ ಅರಬ್ ದೇಶಗಳು ಎಣ್ಣೆ ಬೆಲೆ ಏರಿಸಿದಾಗ ಈ ದೇಶ ತನ್ನ ಇಂಧನದಲ್ಲಿ ಶೇ. 90ಕ್ಕೂ ಹೆಚ್ಚನ್ನು ಆಮದು ಎಣ್ಣೆಯಿಂದಲೇ ಪಡೆಯುತ್ತಿತ್ತು. ಪೆಟ್ಟು ಬಿತ್ತು. ಸರ್ಕಾರ ಅಣುಸ್ಥಾವರ ಅಂದಿತು, ಜನ ಬೇಡ ಅಂದರು, 1985ರಲ್ಲಿ ಪಾರ್ಲಿಮೆಂಟೇ ಅಣು ಬೇಡ ಎಂದು ತೀರ್ಮಾನಿಸಿತು. ಅಷ್ಟರೊಳಗೆ ಹಳ್ಳಿಗಾಡಿನ ಬಡಗಿಗಳು, ಕಮ್ಮಾರರು, ಕೃಷಿ ಉಪಕರಣ ಮಾಡುವವರು ಗಾಳಿಯಂತ್ರ ಕಟ್ಟಲು ಶುರುಮಾಡಿದ್ದರು. ಇವತ್ತು ಜಗತ್ತಿಗೆಲ್ಲ ಗಾಳಿಯಂತ್ರ ಮಾರುವ ವೆಸ್ಟಾಸ್ ಕಂಪನಿ ಮೊದಲು ರೈತರಿಗೆ ಗಾಡಿ, ಉಪಕರಣ ಮಾಡಿಕೊಡುತ್ತಿದ್ದ ಕಾರ್ಖಾನೆ. 1979ರಲ್ಲಿ ಸರ್ಕಾರ ಯಂತ್ರದ ಬೆಲೆಯಲ್ಲಿ ಶೇ. 30 ಸಹಾಯಧನ ಕೊಟ್ಟಿತು. ಕೊಟ್ಟದ್ದು ಯಾರಿಗೆ? ಊರವರು ಕೂಡಿ ಕಟ್ಟಿಕೊಂಡ ಸಂಘಗಳಿಗೂ ಬಿಡಿ ರೈತರಿಗೂ. ಷೇರು ತೆಗೆದುಕೊಳ್ಳುವವರು ಆ ಸೀಮೆಯವರೇ ಆಗಿರಬೇಕು ಎಂಬ ಕಟ್ಟಳೆ ಬಹುಕಾಲ ಇತ್ತು. 1990ರ ದಶಕದಲ್ಲಿ, ವಿದ್ಯುತ್ ಕಂಪನಿ ಮನೆಗಳಿಗೆ ಮಾರುವ ಬೆಲೆಯಲ್ಲಿ ತೆರಿಗೆ ಬಿಟ್ಟು ಶೇ. 85ರಷ್ಟನ್ನು ಗಾಳಿಯಂತ್ರದವರಿಗೆ ಕೊಡಲೇಬೇಕೆಂದು ಕಾನೂನೇ ಆಯಿತು. 2000ದ ಹೊತ್ತಿಗೆ ಒಂದು ಲಕ್ಷಕ್ಕೂ ಹೆಚ್ಚು ಕುಟುಂಬಗಳು ಗಾಳಿಯಂತ್ರಗಳಲ್ಲಿ ಪಾಲುದಾರರಾಗಿದ್ದವು.

ಸಾಮ್ಸೋ ಎಂಬ ದ್ವೀಪದ ಕತೆ ಕೇಳಿ. ಜನಸಂಖ್ಯೆ ಸುಮಾರು ನಾಲ್ಕು ಸಾವಿರ, ನಮ್ಮ ಒಂದು ಹೋಬಳಿ ಕೇಂದ್ರದಷ್ಟು. ಆಲೂಗಡ್ಡೆ ಬೆಳೆಯುವ ಊರು. 1997ರಲ್ಲಿ ಸ್ವಂತ ಇಂಧನದ ಮೇಲೆ ನಿಲ್ಲುತ್ತೇವೆ ಎಂದು ಹೊರಟರು. ನೆಲದ ಮೇಲೆ ಹನ್ನೊಂದು ಗಾಳಿಯಂತ್ರ ನಿಂತವು. ಒಂಬತ್ತು ರೈತರವು, ಎರಡು ಊರವರ ಸಂಘದವು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಬಿಸಿನೀರು ಕಾಯಿಸುವುದು ಹೊಲದ ಹುಲ್ಲಿನಿಂದ. ಹುಲ್ಲಿಗೂ ದುಡ್ಡು. ಅಲ್ಲಿನ ರೈತರು ಗಾಳಿಯಂತ್ರದ ಸದ್ದಿನ ಬಗ್ಗೆ ಹೆಚ್ಚು ದೂರಲಿಲ್ಲವಂತೆ. ದೂರುವುದು ಹೇಗೆ, ತಮ್ಮದೇ ಯಂತ್ರ ತಿರುಗುತ್ತಿದ್ದರೆ! ನಮ್ಮ ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಫ್ಯಾನುಗಳಲ್ಲಿ ಗುಡ್ಡದ ಕೆಳಗಿನ ಊರಿನವನದು ಎಂದು ಎಷ್ಟನ್ನು ತೋರಿಸಬಲ್ಲಿರಿ?

ಡೆನ್ಮಾರ್ಕಿನಲ್ಲೂ ಎಲ್ಲ ಹಾಗೇ ಉಳಿಯಲಿಲ್ಲ ಎನ್ನಿ. ಯಂತ್ರಗಳು ದೊಡ್ಡವಾದವು, ಸಮುದ್ರಕ್ಕೆ ಹೋದವು, ದೊಡ್ಡ ಕಂಪನಿಗಳು ಬಂದವು. 2009ರಲ್ಲಿ ಜಾರಿಗೆ ಬಂದ ಕಾಯಿದೆ, ಹೊಸ ಗಾಳಿಯಂತ್ರ ನಿಲ್ಲಿಸುವವನು ಅದರಲ್ಲಿ ಶೇ. 20 ಪಾಲನ್ನು ಸುತ್ತಲಿನ ನಿವಾಸಿಗಳಿಗೆ ಮೊದಲು ಕೊಡಬೇಕು ಎಂದಿತು. ಮುಂದೆ ಆ ನಿಯಮವನ್ನೂ ಬದಲಿಸಿದರು. ಆದರೆ ಅಂಥದೊಂದು ನಿಯಮವನ್ನು ಕಾನೂನು ಪುಸ್ತಕದಲ್ಲಿ ಬರೆಯಬಹುದು ಅನ್ನೋದೇ ನಮ್ಮ ವಿಧಾನಸೌಧಕ್ಕೆ ಇನ್ನೂ ಹೊಳೆದಿಲ್ಲ.

ಇನ್ನು ಜರ್ಮನಿ. ಇದನ್ನು ನಾವು ಎರಡು ಸಲ ಓದಬೇಕು. 2000ನೇ ಇಸವಿಯಲ್ಲಿ ಆ ದೇಶ ಒಂದು ಕಾಯಿದೆ ಮಾಡಿತು. ಯಾರೇ ಆಗಲಿ, ಸೂರ್ಯನಿಂದ, ಗಾಳಿಯಿಂದ, ಸಗಣಿ ಅನಿಲದಿಂದ ಕರೆಂಟು ಮಾಡಿದರೆ ಗ್ರಿಡ್‌ನವರು ಅದನ್ನು ಮೊದಲು ಕೊಳ್ಳಲೇಬೇಕು. ಬೆಲೆ ಎಷ್ಟೆಂದು ಮೊದಲೇ ಬರೆದು ಇಡಬೇಕು. ಆ ಬೆಲೆ 20 ವರ್ಷ ಇಳಿಯುವ ಹಾಗಿಲ್ಲ. ಮತ್ತೊಮ್ಮೆ ಓದಿ: 20 ವರ್ಷ. ಬಿತ್ತುವ ಮೊದಲೇ 20 ಸುಗ್ಗಿಯ ಬೆಲೆ! ಇಲ್ಲಿ ಟೊಮೆಟೊ ಹಾಕಿದವನಿಗೆ ಸಂಜೆ ಕಿತ್ತದ್ದರ ಬೆಲೆ ಬೆಳಿಗ್ಗೆ ಮಂಡಿಯಲ್ಲಿ ಗೊತ್ತಾಗುತ್ತದೆ. ರಾಗಿಗೆ ಬೆಂಬಲ ಬೆಲೆ ಘೋಷಿಸಿದರೂ ಖರೀದಿ ಕೇಂದ್ರ ತೆರೆಯುವಷ್ಟರಲ್ಲಿ ಅರ್ಧ ರಾಗಿ ದಲ್ಲಾಳಿಯ ಗೋಡೌನಿಗೆ ಹೋಗಿರುತ್ತದೆ.

ಬೆಲೆ ಖಾತ್ರಿಯಾದ ಕೂಡಲೇ ಏನಾಯಿತು? ಬ್ಯಾಂಕಿನವನು ಧೈರ್ಯವಾಗಿ ಸಾಲ ಕೊಟ್ಟ. ರೈತ ದನದ ಕೊಟ್ಟಿಗೆಯ ಮಾಡಿನ ಮೇಲೆ ಪ್ಯಾನೆಲ್ ಹಾಕಿದ. 2012ರ ಸುಮಾರಿಗೆ ಜರ್ಮನಿಯ ಇಂಥ ಹೊಸ ವಿದ್ಯುತ್ ಸಾಮರ್ಥ್ಯದಲ್ಲಿ ಸುಮಾರು ಅರ್ಧ ಸಾಮಾನ್ಯ ನಾಗರಿಕರ, ರೈತರ, ಅವರ ಸಂಘಗಳ ಕೈಯಲ್ಲಿತ್ತು. ರೈತರದ್ದೇ ಹತ್ತರಲ್ಲಿ ಒಂದು ಪಾಲು. ದೊಡ್ಡ ವಿದ್ಯುತ್ ಕಂಪನಿಗಳು ಕಲ್ಲಿದ್ದಲು, ಅಣುಸ್ಥಾವರ ಹಿಡಿದುಕೊಂಡು ಕೂತಿದ್ದವು. 2023ರಲ್ಲಿ ಆ ದೇಶ ಬಳಸಿದ ಕರೆಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಸೂರ್ಯ, ಗಾಳಿ ಮುಂತಾದವುಗಳದ್ದಾಯಿತು. ದಾರಿ ಸಲೀಸಾಗಿರಲಿಲ್ಲ. ಖರ್ಚನ್ನು ಮನೆಮನೆಯ ಬಿಲ್ಲಿಗೆ ಸೇರಿಸಿದ್ದರಿಂದ ಬಡವರ ಮೇಲೆ ಹೊರೆ ಬಿತ್ತು, 2022ರಲ್ಲಿ ಆ ಸೆಸ್ಸನ್ನು ತೆಗೆಯಬೇಕಾಯಿತು. ಅನಿಲಕ್ಕೆ ರಷ್ಯಾವನ್ನು ನಂಬಿ ಕೂತಿದ್ದವರು ಯುಕ್ರೇನ್ ಯುದ್ಧ ಬಂದಾಗ ಮುಚ್ಚಿದ ಕಲ್ಲಿದ್ದಲು ಸ್ಥಾವರಗಳನ್ನು ಮತ್ತೆ ತೆರೆದರು. ಅನಿಲದ ಗುಂಡಿಗೆ ಹಾಕಲು ಮೆಕ್ಕೆಜೋಳ ಬೆಳೆಯುವವರು ಹೆಚ್ಚಾಗಿ ಜಮೀನಿನ ಗೇಣಿ ಏರಿತು, ಹಾಲು ಕರೆಯುವ ಗೇಣಿದಾರ ಒದ್ದಾಡಿದ.

2017ರಿಂದ ಅಲ್ಲೂ ಟೆಂಡರು ಬಂತು. ಕಡಿಮೆ ಬೆಲೆ ಕೂಗಿದವನಿಗೆ ಕೆಲಸ. ಸಣ್ಣವರಿಗೆ ರಿಯಾಯಿತಿ ಅಂತ ನಾಗರಿಕರ ಸಂಘಗಳಿಗೆ ಸ್ವಲ್ಪ ಸಡಿಲ ನಿಯಮ ಇಟ್ಟರು. ಆ ವರ್ಷದ ಹರಾಜುಗಳಲ್ಲಿ ಗೆದ್ದದ್ದೆಲ್ಲ ಬಹುಪಾಲು ಇಂಥ ಸಂಘಗಳೇ. ಆಮೇಲೆ ಒಳಗೆ ಇಣುಕಿದರೆ ಅನೇಕ ಸಂಘಗಳ ಹಿಂದೆ ದೊಡ್ಡ ಡೆವಲಪರುಗಳು ಕೂತಿದ್ದರು. ಬೇನಾಮಿ ವಿದ್ಯೆ ನಮ್ಮವರದೊಂದೇ ಸ್ವತ್ತಲ್ಲ ನೋಡಿ.

ಈಗ ಮನೆಗೆ ಬರೋಣ. ಪಾವಗಡ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು, ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್. 2018ರ ಮಾರ್ಚಿನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ. ಜಮೀನನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ನ್ಯಾಯವಾಗಿ ಹೇಳಬೇಕೆಂದರೆ ಕೂಡಗಿಗಿಂತ ಇದು ಎಷ್ಟೋ ವಾಸಿ. ಕಡಲೆಕಾಯಿ ಹಾಕಿ ಬರಗಾಲದಲ್ಲಿ ಬೀಜವೂ ಬಾರದೆ ಕೂತವನಿಗೆ ಕೂತಲ್ಲೇ 21,000 ಅಂದರೆ ಸಣ್ಣ ಮಾತಲ್ಲ. ಸಹಿ ಹಾಕಿದವರನ್ನು ಯಾರೂ ಬೈಯಬಾರದು. ಆದರೆ ಲೆಕ್ಕ ಹಾಕುವುದು ಬೈದಂತೆ ಅಲ್ಲವಲ್ಲ.

ಒಂದು ಮೆಗಾವಾಟಿಗೆ ಸುಮಾರು ಆರೂಕಾಲು ಎಕರೆ ಬಿತ್ತು. ಒಂದು ಮೆಗಾವಾಟ್ ಪ್ಯಾನೆಲ್ ನಮ್ಮ ಬಿಸಿಲಿಗೆ ವರ್ಷಕ್ಕೆ ಕಡಿಮೆ ಅಂದರೂ 16 ಲಕ್ಷ ಯೂನಿಟ್ ಕೊಡುತ್ತದೆ. ಅಂದರೆ ಎಕರೆಗೆ ಎರಡೂವರೆ ಲಕ್ಷ ಯೂನಿಟ್. ಯೂನಿಟ್ಟಿಗೆ 3 ರೂಪಾಯಿ ಅಂತಲೇ ಹಿಡಿಯಿರಿ, ಎಕರೆಗೆ ಏಳೂವರೆ ಲಕ್ಷ ರೂಪಾಯಿಯ ಫಸಲು. ಭೂಮಿ ಕೊಟ್ಟವನಿಗೆ 21,000. ಯೂನಿಟ್ಟಿಗೆ ಎಂಟು ಪೈಸೆ ಚಿಲ್ಲರೆ!

ಕಂಪನಿಯವರು ಕೇಳುತ್ತಾರೆ, ಬಂಡವಾಳ ಹಾಕಿದವರು ನಾವಲ್ಲವೇ ಅಂತ. ಹೌದು. ಮೆಗಾವಾಟಿಗೆ ನಾಲ್ಕು ಕೋಟಿ ಅಂದರೂ ಎಕರೆಗೆ ಅರವತ್ತು ಲಕ್ಷ ದಾಟುತ್ತದೆ, ನಮ್ಮ ಕೈಲಾಗುವ ಮಾತಲ್ಲ. ಆದರೆ ಅವರ ಜೇಬಿನಿಂದ ಬಂದದ್ದೆಷ್ಟು? ಇಂಥ ಸ್ಥಾವರಗಳಿಗೆ ಬಂಡವಾಳದಲ್ಲಿ ಶೇ. 70 ಸಾಲ, ಶೇ. 30 ಸ್ವಂತದ್ದು ಎಂಬುದೇ ವಾಡಿಕೆ. ನಮ್ಮ ಜಮೀನಿನ ಗುತ್ತಿಗೆ ಪತ್ರ ಮತ್ತು ಸರ್ಕಾರ ಬರೆದುಕೊಟ್ಟ 25 ವರ್ಷದ ಖರೀದಿ ಕರಾರು, ಇವೆರಡನ್ನು ತೋರಿಸಿದರೆ ಬ್ಯಾಂಕ್ ಬಾಗಿಲು ತೆರೆಯುತ್ತದೆ. ಆ ಜಮೀನಿನ ಒಡೆಯ ಅದೇ ಬ್ಯಾಂಕಿಗೆ ಹೋಗಿ ಬೋರಿಗೆ ಎರಡು ಲಕ್ಷ ಕೇಳಿದರೆ ನೋ ಡ್ಯೂ ಸರ್ಟಿಫಿಕೇಟ್ ತಾ, ಜಾಮೀನುದಾರನನ್ನು ತಾ, ಪಹಣಿಯಲ್ಲಿ ಭೋಜಾ ಕೂರಿಸಿಕೊಂಡು ಬಾ. ಕಂಪನಿಗೆ ಸಾಲ ಸಿಗುವುದು ಅದು ಸಾಹುಕಾರ ಅಂತಲ್ಲ, ಅದರ ಬೆಳೆಗೆ ಬೆಲೆ ಖಾತ್ರಿ ಇದೆ ಅಂತ.

ಏರಿಕೆಯ ಲೆಕ್ಕವನ್ನೂ ನೋಡಿಬಿಡಿ. ಎರಡು ವರ್ಷಕ್ಕೆ ಶೇ. 5ರಂತೆ ಏರಿದರೆ 25ನೇ ವರ್ಷಕ್ಕೆ 21,000 ಎಂಬುದು 37,700ರ ಹತ್ತಿರ ನಿಲ್ಲುತ್ತದೆ. ಪದಾರ್ಥಗಳ ಬೆಲೆ ವರ್ಷಕ್ಕೆ ಶೇ. 5ರಂತೆ ಏರಿದರೆ ಇವತ್ತಿನ 21,000ಕ್ಕೆ ಸಮನಾಗಲು ಆಗ 71,000 ಬೇಕು. ಸಹಿ ಹಾಕಿದ ದಿನ ಸಿಕ್ಕಿದ ಗೇಣಿಯಲ್ಲಿ ಅರ್ಧ ಮಾತ್ರ ಮಗನ ಕೈಗೆ. ಯೂನಿಟ್ಟಿಗೆ 25 ಪೈಸೆ ಪಾಲು ಅಂತ ಬರೆಸಿದ್ದರೆ ಎಕರೆಗೆ 62,500 ಆಗುತ್ತಿತ್ತು. ಬೆಂಗಳೂರಿನ ಬಿಲ್ಲು ಅದರಿಂದ ಮುಳುಗಿಹೋಗುತ್ತಿರಲಿಲ್ಲ. ಮತ್ತೆ, ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಎಂಟು ಪೈಸೆಯೂ ಇಲ್ಲ. ನಮ್ಮ ಸಭೆಗಳಲ್ಲಿ ಈ ಮಾತು ಕಡಿಮೆ ಬರುತ್ತದೆ. ಬರಬೇಕು.

ರೈತನೇ ಕರೆಂಟು ಬೆಳೆಯಲಿ ಎಂದು ಈ ರಾಜ್ಯ ಯೋಚಿಸಲೇ ಇಲ್ಲ ಅಂತಲ್ಲ. 2014ರಲ್ಲಿ ಭೂಮಿ ಇರುವ ರೈತರಿಗೇ 1ರಿಂದ 3 ಮೆಗಾವಾಟ್ ಸೋಲಾರ್ ಸ್ಥಾವರ ಹಾಕಲು ಅವಕಾಶ ಕೊಟ್ಟರು, ಯೂನಿಟ್ಟಿಗೆ 8 ರೂಪಾಯಿ 40 ಪೈಸೆ. ಹೆಸರು ರೈತರದ್ದು. ಕೋಟಿಗಟ್ಟಲೆ ಬಂಡವಾಳ ತರುವುದೆಲ್ಲಿಂದ? ಹಲವರು ಕಂಪನಿಗಳ ಜೊತೆ ಸೇರಬೇಕಾಯಿತು. ಅಪ್ಪಣೆಗಳು ತಡವಾದವು, ಗಡುವು ತಪ್ಪಿತು, ಗಡುವು ತಪ್ಪಿತೆಂದು ಬೆಲೆ ಕಡಿತ ಮಾಡಿದರು. ವ್ಯಾಜ್ಯ ಮೇಲಿನ ಕೋರ್ಟುಗಳಿಗೆ ಹತ್ತಿತು. ಇಂಥ ಒಂದು ಪ್ರಕರಣದಲ್ಲಿ 8 ರೂಪಾಯಿ 40 ಪೈಸೆಯೇ ಸರಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2024ರ ಆಗಸ್ಟಿನಲ್ಲಿ. ಹತ್ತು ವರ್ಷ. ಜರ್ಮನಿಯ 20 ವರ್ಷದ ಖಾತ್ರಿಯನ್ನೂ ನಮ್ಮ ಈ ಹತ್ತು ವರ್ಷದ ಅಲೆದಾಟವನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಊರಲ್ಲಿ 2016ರಲ್ಲಿ ಆರು ರೈತರು ಸೇರಿ ಸೌರವಿದ್ಯುತ್ ಉತ್ಪಾದಕರ ಸಹಕಾರ ಸಂಘ ಕಟ್ಟಿದರು. ಹಾಲಿನ ಸಂಘದ ಸೀಮೆ ಅದು, ಲೀಟರು ಲೆಕ್ಕ ಗೊತ್ತಿದ್ದವರಿಗೆ ಯೂನಿಟ್ ಲೆಕ್ಕ ಕಷ್ಟವಾಗಲಿಲ್ಲ. ಸೋಲಾರ್ ಪಂಪಿನಿಂದ ತಮ್ಮ ಹೊಲಕ್ಕೆ ನೀರು ಹಾಯಿಸಿ, ಉಳಿದ ಕರೆಂಟನ್ನು ವಿದ್ಯುತ್ ಕಂಪನಿಗೆ ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ ಮಾರುವ 25 ವರ್ಷದ ಕರಾರು. ಬದಲಿಗೆ ಸಬ್ಸಿಡಿ ಕರೆಂಟಿನ ಹಕ್ಕು ಬಿಟ್ಟುಕೊಟ್ಟರು. ಬಂಡವಾಳದ ಹೆಚ್ಚು ಪಾಲು ಒಂದು ಸಂಶೋಧನಾ ಸಂಸ್ಥೆಯ ನೆರವು, ಆದ್ದರಿಂದ ಹಾಗೇ ಎಲ್ಲ ಊರಿಗೂ ಎತ್ತಿಡಲು ಬಾರದು. ಆದರೆ ಒಂದು ಗುಟ್ಟು ಅಲ್ಲಿ ಬಯಲಾಯಿತು. ಬರಿದೇ ನೀರೆತ್ತಿದರೆ ಮಾರುವ ಕರೆಂಟು ಕಡಿಮೆಯಾಗುತ್ತದೆ. ನೀರು ಉಳಿಸಿದವನಿಗೆ ದುಡ್ಡು. ಬರೀ ಸೋಲಾರ್ ಪಂಪು ಕೊಟ್ಟು, ಕರೆಂಟು ಮಾರುವ ದಾರಿ ಕೊಡದಿದ್ದರೆ ಬೆಳಗಿನಿಂದ ಸಂಜೆವರೆಗೆ ಬೋರು ಓಡುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ಕೆಳಗೆ ಹೋದ ನೀರನ್ನು ಬಿಸಿಲು ಬಿಟ್ಟಿ ಅಂತ ಎತ್ತಿದರೆ ಉಳಿಯುವುದೇನು?

2019ರಲ್ಲಿ ಬಂದ ಕೇಂದ್ರದ ಕುಸುಮ್ ಯೋಜನೆಯಲ್ಲಿ ಈ ದಾರಿಗಳೆಲ್ಲ ಕಾಗದದ ಮೇಲೆ ಇವೆ. ರೈತನ, ರೈತ ಸಂಘದ, ಪಂಚಾಯಿತಿಯ ಜಮೀನಿನಲ್ಲಿ 500 ಕಿಲೋವಾಟಿನಿಂದ 2 ಮೆಗಾವಾಟ್‌ವರೆಗೆ ಸ್ಥಾವರ ಹಾಕಬಹುದು ಅಂತ ಅದರ ಮೊದಲ ಭಾಗವೇ ಹೇಳುತ್ತದೆ. ಕರ್ನಾಟಕದಲ್ಲಿ ಭರದಿಂದ ನಡೆದಿರುವುದು ಬೇರೆ ಭಾಗ. ಸಬ್‌ಸ್ಟೇಷನ್ ಪಕ್ಕದಲ್ಲಿ ಕಂಪನಿ ಸ್ಥಾವರ ಹಾಕುತ್ತದೆ, ಐ.ಪಿ. ಸೆಟ್‌ಗಳಿಗೆ ಹಗಲು ಹೊತ್ತು ಕರೆಂಟು. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 25,000 ಗೇಣಿ. ಹಗಲು ಕರೆಂಟು ದೊಡ್ಡ ಉಪಕಾರವೇ ಸರಿ, ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಹಾವು ತುಳಿಯುತ್ತ ಹೋದವನಿಗೆ ಅದರ ಬೆಲೆ ಗೊತ್ತು. ಆದರೂ ಒಡೆತನದ ಪ್ರಶ್ನೆ ಪಾವಗಡದಲ್ಲಿ ಇದ್ದಲ್ಲೇ ಇದೆ.

ಕಬ್ಬಿನವರಿಗೂ ಒಂದು ಮಾತು, ಏಕೆಂದರೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ನಿಮ್ಮ ಗದ್ದೆಯದ್ದು. 1975ರಲ್ಲಿ ಎಣ್ಣೆಯ ಬೆಲೆ ಏರಿ ಸಕ್ಕರೆ ಬೆಲೆ ಕುಸಿದಾಗ ಬ್ರೆಜಿಲ್ ಕಬ್ಬಿನ ಸಾರಾಯಿಯಿಂದ ಕಾರು ಓಡಿಸಲು ಹೊರಟಿತು. 1989ರಲ್ಲಿ ಸಕ್ಕರೆ ಬೆಲೆ ಏರಿದ್ದೇ ತಡ, ಕಾರ್ಖಾನೆಗಳು ಸಕ್ಕರೆಯ ಕಡೆ ತಿರುಗಿ ಬಂಕುಗಳಲ್ಲಿ ಎಥೆನಾಲ್ ಇಲ್ಲದಾಯಿತು. ಅಲ್ಲಿ ಲಾಭ ತಿಂದವರಲ್ಲಿ ದೊಡ್ಡ ಮಿಲ್ಲು ಮಾಲೀಕರೇ ಮುಂದು, ಅದರಲ್ಲಿ ಅನುಮಾನವಿಲ್ಲ. ಆದರೆ ಸಾವೊ ಪಾಲೊ ರಾಜ್ಯದಲ್ಲಿ 1999ರಿಂದ ಬೆಳೆಗಾರರ ಪ್ರತಿನಿಧಿಗಳೂ ಮಿಲ್ಲಿನವರೂ ಕೂಡಿ ಕೂರುವ ಒಂದು ಮಂಡಳಿ ಇದೆ, ಕೋನ್ಸೆಕಾನಾ ಅಂತ. ಸಕ್ಕರೆ ಎಷ್ಟಕ್ಕೆ ಮಾರಿತು, ಎಥೆನಾಲ್ ಎಷ್ಟಕ್ಕೆ ಮಾರಿತು, ಎರಡನ್ನೂ ಕೂಡಿಸಿ ಕಬ್ಬಿನ ಬೆಲೆ ಲೆಕ್ಕ ಹಾಕುತ್ತದೆ. ನಮ್ಮಲ್ಲಿ 2025ರಲ್ಲಿ ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿ ಐದು ವರ್ಷ ಮೊದಲೇ ಮುಟ್ಟಿದೆವು ಎಂದು ಬೀಗಿದರು. ಕಬ್ಬಿನ ಬೆಲೆ ಮಾತ್ರ ಇನ್ನೂ ಸಕ್ಕರೆ ಇಳುವರಿಯ ಮೇಲೆ, 10.25ರ ಮೇಲೆ. ಉಪ ಉತ್ಪನ್ನ ಸೇರಿಸಿ ಆದಾಯದಲ್ಲಿ ಶೇ. 70 ಬೆಳೆಗಾರನಿಗೆ ಅಂತ 2012ರಲ್ಲಿ ರಂಗರಾಜನ್ ಸಮಿತಿ ಬರೆದದ್ದು ಹಾಗೇ ಇದೆ. 2023ರ ಡಿಸೆಂಬರಿನಲ್ಲಿ ಮಳೆ ಕಡಿಮೆ ಅಂತ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ದಿಲ್ಲಿ ತಡೆ ಹಾಕಿತು, 2024ರ ಆಗಸ್ಟಿನಲ್ಲಿ ತೆಗೆಯಿತು. ಕೇಳಿದ್ದು ಯಾರನ್ನು?

ಹಾಗಾದರೆ ಉಚಿತ ಕರೆಂಟು ಬಿಟ್ಟುಬಿಡೋಣವೇ ಅಂತ ಕೆಲವರು ಕೇಳುತ್ತಾರೆ. ಕೈಯಲ್ಲಿ ಖರೀದಿ ಕರಾರು ಇಲ್ಲದೆ ಬಿಡಬಾರದು. ಬೆಳೆಗೆ ಸರಿಯಾದ ಬೆಲೆ ಕೊಡದ ಸರ್ಕಾರ ಅದಕ್ಕೆ ಬದಲು ಕೊಟ್ಟ ಚಿಲ್ಲರೆ ಅದು, ಭಿಕ್ಷೆಯಲ್ಲ. ಆದರೆ ಉಚಿತ ಕರೆಂಟು ಅಂದರೆ ಸುಟ್ಟ ಟಿ.ಸಿ., ಸುಟ್ಟ ಮೋಟಾರು, ಲೈನ್‌ಮ್ಯಾನಿನ ಕಾಲು ಹಿಡಿಯುವುದು ಕೂಡ. ಕೊಳ್ಳುವವನಾಗಿ ಕೈಯೊಡ್ಡುವುದಕ್ಕಿಂತ ಮಾರುವವನಾಗಿ ಮೀಟರಿನ ಮುಂದೆ ನಿಲ್ಲುವುದು ನಮಗೆ ಹೆಚ್ಚು ಶೋಭೆ. ಹಾಲಿನ ಡೇರಿ ನಡೆಸುವ ಊರು ಎರಡು ಮೆಗಾವಾಟ್ ನಡೆಸಲಾರದೇ? ನಮ್ಮ ಬೇಡಿಕೆ ಪತ್ರದಲ್ಲಿ ಸಾಲಮನ್ನಾದ ಪಕ್ಕದಲ್ಲೇ ಇದು ಬರಲಿ: ಸಹಕಾರ ಸಂಘದ ಸ್ಥಾವರಕ್ಕೆ 25 ವರ್ಷದ ಬೆಲೆ ಕರಾರು, ಕಂಪನಿಗೆ ಕೊಡುವ ಷರತ್ತಿನಲ್ಲೇ ಬ್ಯಾಂಕ್ ಸಾಲ, ಕಂಪನಿ ಹಾಕುವ ಸ್ಥಾವರದಲ್ಲಿ ಊರಿಗೆ ಪಾಲು.

ಇದೆಲ್ಲ ಆಗುವ ಮುಂಚೆಯೇ ನಿಮ್ಮ ಊರಿಗೆ ದಲ್ಲಾಳಿ ಬಂದಿರಬಹುದು, ಕಾರು ಪಂಚಾಯಿತಿ ಕಟ್ಟೆಯ ಮುಂದೆ ನಿಂತಿರಬಹುದು. ಗುತ್ತಿಗೆ ಪತ್ರ ಕನ್ನಡದಲ್ಲಿ ಇಲ್ಲದಿದ್ದರೆ ಕನ್ನಡದಲ್ಲಿ ಬರೆದುಕೊಂಡು ಬಾ ಅನ್ನಿ. ಏರಿಕೆ ಎರಡು ವರ್ಷಕ್ಕೋ ಪ್ರತಿ ವರ್ಷಕ್ಕೋ ನೋಡಿ. ಕಂಪನಿ ನಿಮ್ಮ ಜಮೀನನ್ನು ಇನ್ನೊಬ್ಬರಿಗೆ ಒಳಗುತ್ತಿಗೆ ಕೊಡಬಹುದೇ, ಅದರ ಮೇಲೆ ಸಾಲ ಎತ್ತಬಹುದೇ, ಎತ್ತಿ ದಿವಾಳಿಯಾದರೆ ಪಹಣಿಯ ಗತಿಯೇನು ಅನ್ನೋ ಕಲಮನ್ನು ವಕೀಲರ ಹತ್ತಿರ ಓದಿಸಿ. ಗೇಣಿ ಮೂರು ತಿಂಗಳು ತಪ್ಪಿದರೆ ಕರಾರು ಮುರಿಯುವ ಹಕ್ಕು ನಿಮಗೂ ಇರಲಿ, ಅವರಿಗೊಬ್ಬರಿಗೇ ಅಲ್ಲ. ಅವಧಿ ಮುಗಿದ ಮೇಲೆ ನೆಲದಲ್ಲಿ ಹೂತ ಕಾಂಕ್ರೀಟು, ಒಡೆದ ಗಾಜು, ತಂತಿ ಎಲ್ಲ ತೆಗೆದು ಉಳುವ ಹಾಗೆ ಮಾಡಿಕೊಡುವ ಖರ್ಚು ಯಾರದು ಎಂದು ಬರೆಸಿ, ಆ ಖರ್ಚಿನ ಠೇವಣಿಯನ್ನು ಮೊದಲ ವರ್ಷವೇ ಬ್ಯಾಂಕಿನಲ್ಲಿ ಇಡಿಸಿ.